ಕೊಳೆಯದ ಕಂಬ

ಮಾರ್ಚ್ ೪

ಬರೆದಿಟ್ಟರೆ ಕೈಯ ನಡುಕ ನಿಲ್ಲುತ್ತದೇನೋ ಎಂದು ಬರೆಯಲು ಕೂತಿದ್ದೇನೆ. ನಡುಗುವ ಕೈಯಲ್ಲಿ ಕತ್ತರಿ ಹಿಡಿಯಬಾರದು. ಇವತ್ತು ಹಿಡಿದೆ, ಯಾರದೋ ಕೋಟಿನ ತೋಳು ಗಿಡ್ಡವಾಯಿತು.

ಬೆಳಿಗ್ಗೆ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ಬಸಿರು. ಹೆರಿಗೆಯಾಗುವವರೆಗೂ ಹಾಸಿಗೆಯಿಂದ ಕಾಲು ಕೆಳಗಿಡಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಅವಳ ಗಂಡ ಹಡಗಿನಲ್ಲಿ ಅಡುಗೆಯವನು. ಆ ಹಡಗು ಈಗ ಯಾವ ಸಮುದ್ರದಲ್ಲಿದೆಯೋ. ಹಾಗಾಗಿ ಮೂರು ವರ್ಷದ ಮಗು ನನ್ನ ಪಾಲಿಗೆ ಬಂತು. ಮದುವೆಯಿಲ್ಲದ, ಒಂಟಿಯಾಗಿ ಹೊಲಿಗೆ ಮೆಷಿನ್ ತುಳಿದುಕೊಂಡಿರುವ ಟೈಲರ್‌ನ ಪಾಲಿಗೆ. ಮಕ್ಕಳ ಎದೆಯಳತೆ, ಸೊಂಟದಳತೆ ಬಿಟ್ಟರೆ ಮಕ್ಕಳ ಬಗ್ಗೆ ನನಗೆ ಏನೂ ಗೊತ್ತಿಲ್ಲ.

ಮಗು ಬಂದದ್ದೇ ಹಿತ್ತಿಲಿಗೆ ಓಡಿತು. ಬೇಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು ನನ್ನನ್ನು ನೋಡಿ ನಕ್ಕಿತು. ಕಂಬ ಸದ್ದೇ ಇಲ್ಲದೆ ಹಿಂದಕ್ಕೆ ಮಲಗಿತು. ಜೊತೆಗೆ ಮಗುವೂ. ಕಂಬ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಮಗು ಉರುಳಲಿಲ್ಲ, ಫ್ರಾಕು ಬೇಲಿಯ ತಂತಿಗೆ ಸಿಕ್ಕಿತ್ತು. ಆ ಬಂಡೆಗಳ ಆಚೆ ಹೊಂಡ.

ಅದು ಹಳೆಯ ಕಲ್ಲಿನ ಕ್ವಾರಿ, ಕಲ್ಲು ಒಡೆಯುವುದು ನಿಂತು ಎಷ್ಟೋ ಕಾಲವಾಯಿತು. ಅಗೆದ ಜಾಗದಲ್ಲಿ ನೀರು ತುಂಬಿದೆ. ಆಳ ಎಷ್ಟೆಂದು ಅಳೆದವರಿಲ್ಲ. ಸೂಜಿಗೆ ದಾರ ಪೋಣಿಸಲು ಒಳ್ಳೆಯ ಬೆಳಕಿದೆ ಎಂದು ನಾನು ಈ ಮನೆ ಹಿಡಿದದ್ದು. ಹೊಂಡದ ಕಡೆ ಒಮ್ಮೆಯೂ ಹೋದವನಲ್ಲ. ನನಗೆ ಈಜು ಬರುವುದಿಲ್ಲ. ಬಕೆಟ್ಟಿಗಿಂತ ದೊಡ್ಡ ಪಾತ್ರೆಯ ನೀರು ಕಂಡರೆ ದೂರ ಸರಿಯುತ್ತೇನೆ. ಮಗುವನ್ನು ಎತ್ತಿಕೊಂಡು ಒಳಗೆ ಬಂದವನಿಗೆ ಇಳಿಸಲು ಮನಸ್ಸೇ ಬರಲಿಲ್ಲ. "ಮಾವ, ಬಿಡು, ಉಸಿರು ಕಟ್ತಾ ಇದೆ" ಎಂದಿತು.

ಮಾರ್ಚ್ ೫

ಗೋಣಿಚೀಲ ಹೊಲಿಯುವ ದಬ್ಬಳ ತೆಗೆದುಕೊಂಡು ಉಳಿದ ಕಂಬಗಳನ್ನೆಲ್ಲ ಚುಚ್ಚಿ ನೋಡಿದೆ. ಎದೆಮಟ್ಟದಲ್ಲಿ ಗಟ್ಟಿ. ನೆಲಕ್ಕೆ ತಾಗುವ ಜಾಗದಲ್ಲಿ ಬೆಂದ ಆಲೂಗಡ್ಡೆಗೆ ಚುಚ್ಚಿದಂತೆ ಇಳಿಯಿತು. ಎಲ್ಲವೂ ನಿಂತಿರುವುದು ಬರೀ ಅಭ್ಯಾಸಬಲದಿಂದ. ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಕಿತ್ತು ಹಾಕಿದೆ. ಒಂದೊಂದೂ ಹಾಲುಹಲ್ಲಿನಂತೆ ಬಂತು.

ಹಿತ್ತಿಲ ಬಾಗಿಲು ಮುಚ್ಚಿಡೋಣವೆಂದರೆ ನಲ್ಲಿ, ಬಚ್ಚಲು, ಬಟ್ಟೆ ಒಣಗಿಸುವ ಹಗ್ಗ ಎಲ್ಲವೂ ಅಲ್ಲೇ. ಚಿಲಕವನ್ನು ಮೇಲಕ್ಕೆ ಹಾಕಿಸಿದೆ. ಮಗು ಸ್ಟೂಲು ಎಳೆದುಕೊಂಡು ಬಂತು. ಮೆಷಿನ್ನನ್ನು ಬಾಗಿಲ ಕಡೆ ತಿರುಗಿಸಿ ಕೂತೆ. ಬಟ್ಟೆ ನೋಡದೆ ಬಾಗಿಲು ನೋಡುತ್ತಾ ತುಳಿದದ್ದಕ್ಕೆ ಬೆರಳಿಗೆ ಸೂಜಿ ಹೊಕ್ಕಿತು.

ಮಾರ್ಚ್ ೭

ಮಹಡಿಯ ಮೇಲಿರುವ ಟೀಚರಕ್ಕನ ಕೈಗೆ ಮಗುವನ್ನು ಕೊಟ್ಟು ಮರದ ಡಿಪೋಗೆ ಹೋದೆ.

"ಕೊಳೆಯದ ಮರ ಬೇಕು, ಬೇಲಿ ಕಂಬಕ್ಕೆ" ಎಂದೆ.

"ಮಣ್ಣಲ್ಲಿ ಹೂತ ಮೇಲೆ ಎಲ್ಲಾ ಕೊಳೆಯುತ್ತೆ ಸ್ವಾಮಿ. ನಾನೂ ಕೊಳೀತೀನಿ, ನೀವೂ ಕೊಳೀತೀರಿ" ಎಂದ ಡಿಪೋದವನು.

ತಮಾಷೆಗೆ ಹೇಳಿದ. ನನಗೆ ಮಾತ್ರ ನಗು ಬರಲಿಲ್ಲ. ನನ್ನ ಮುಖ ನೋಡಿ ಅವನಿಗೇ ಕನಿಕರವಾಯಿತೋ ಏನೋ, ಒಂದು ದಿಮ್ಮಿಯ ಕೊಯ್ದ ತುದಿ ತೋರಿಸಿದ. ನಡುವಿನ ಕಪ್ಪು ಭಾಗವೇ ಚೇಗು. ಗಟ್ಟಿತನವೆಲ್ಲ ಅಲ್ಲಿರುವುದು, ಹುಳ ಹುಪ್ಪಟೆ ಅದನ್ನು ಮೂಸುವುದಿಲ್ಲ. ಸುತ್ತಲಿನ ಬಿಳಿ ಭಾಗ ಗೆದ್ದಲಿಗೆ ಇಟ್ಟ ಊಟ. ಈಗ ಬರುವ ಕಂಬಗಳೆಲ್ಲ ಎಳೆಯ ಮರದವು, ಬರೀ ಬಿಳಿ. ಜೇಬಿನಿಂದ ದಬ್ಬಳ ತೆಗೆದು ಒಂದೊಂದನ್ನೇ ಚುಚ್ಚುತ್ತಾ ಹೋದೆ.

"ಟೈಲರ್ರೇ, ಮರ ಕೊಳ್ಳೋಕೆ ಬಂದ್ರೋ ಇಂಜೆಕ್ಷನ್ ಕೊಡೋಕೆ ಬಂದ್ರೋ?"

ಕೂಲಿಯವರು ನಕ್ಕರು. ನಗಲಿ. ಒಂದು ಕಂಬವೂ ನನಗೆ ಒಪ್ಪಿಗೆಯಾಗಲಿಲ್ಲ.

ಮಾರ್ಚ್ ೮

ಮಗು ಕಾಣಲಿಲ್ಲ. ಕೂಗಿದೆ, ಉತ್ತರವಿಲ್ಲ. ಹಿತ್ತಿಲಿಗೆ ಓಡಿದೆ, ಇಳಿಜಾರಿನ ಅರ್ಧಕ್ಕೆ ಕಾಲು ನಿಂತುಬಿಟ್ಟವು. ಮುಂದೆ ನೀರು ಕಾಣುತ್ತಿತ್ತು. ನೀರಿನ ಮೇಲೆ ಏನೋ ಕೆಂಪಗೆ ತೇಲುತ್ತಿತ್ತು. ಯಾರೋ ಎಸೆದ ಪ್ಲಾಸ್ಟಿಕ್ ಚೀಲ.

ಮಗು ಕತ್ತರಿಸುವ ಮೇಜಿನ ಕೆಳಗೆ ಚಿಂದಿ ಬಟ್ಟೆ ಹೊದ್ದು ಮಲಗಿತ್ತು. ನಾನೂ ಮೇಜಿನ ಕೆಳಗೆ ತೂರಿ ಅದರ ಪಕ್ಕ ಕೂತೆ.

ಮಾರ್ಚ್ ೧೧

ಬಡಗಿ ಬಂದಿದ್ದ. ದನದ ದೊಡ್ಡಿ ಕಟ್ಟುವುದರಲ್ಲಿ ಎತ್ತಿದ ಕೈ ಎಂದು ಡಿಪೋದವನೇ ಕಳಿಸಿದ್ದು. ಕಿತ್ತ ಕಂಬವನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ನೋಡಿ ಅಣ್ಣ, ಮಣ್ಣಿನ ಒಳಗಿದ್ದದ್ದು ಚೆನ್ನಾಗಿದೆ, ಮೇಲಿದ್ದದ್ದೂ ಚೆನ್ನಾಗಿದೆ. ಗಾಳಿ, ಮಣ್ಣು, ನೀರು ಮೂರೂ ಸೇರೋ ಜಾಗ ಮಾತ್ರ ಹೋಗಿದೆ" ಎಂದ.

"ಸಿಮೆಂಟ್ ಹಾಕಿಬಿಟ್ಟರೆ?"

"ಅಯ್ಯೋ, ಬೇಡ. ಸಿಮೆಂಟು ಬಟ್ಟಲಿದ್ದ ಹಾಗೆ. ನೀರು ನಿಂತು ಮರ ಅದರಲ್ಲೇ ನೆನೆಯುತ್ತೆ. ಜಲ್ಲಿ ಹಾಕಿದರೆ ನೀರು ಇಳಿದುಹೋಗುತ್ತೆ. ಬುಡ ಸ್ವಲ್ಪ ಸುಟ್ಟು ಕಪ್ಪು ಮಾಡಬೇಕು. ಆದರೆ ಮೊದಲು ಮರ ಒಳ್ಳೇದು ಸಿಗಬೇಕಲ್ಲ. ಆ ಕಡೆ ಹಳೇ ಮರದ ಸೇತುವೆ ಬಿಚ್ತಾರಂತೆ, ಮುಂದಿನ ತಿಂಗಳು. ಅದರ ತೊಲೆ ಸಿಕ್ಕಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗುತ್ತೆ."

ನನಗೆ ಮಕ್ಕಳೇ ಇಲ್ಲ, ಮೊಮ್ಮಕ್ಕಳ ಮಾತೆಲ್ಲಿ ಬಂತು. ಆದರೂ ಕಾಯುತ್ತೇನೆ ಎಂದೆ. ಅಲ್ಲಿವರೆಗೆ ಹಗ್ಗ ಎಳೆದು ಬಟ್ಟೆ ಪಟ್ಟಿ ಕಟ್ಟಿದೆ. ಮಗು ತಲೆಯನ್ನೂ ಬಗ್ಗಿಸದೆ ಅದರ ಕೆಳಗೆ ಹಾದುಹೋಯಿತು.

ಮಾರ್ಚ್ ೧೩

ಬೆಳಗಿನಿಂದ ಮಗುವಿನದು ಒಂದೇ ರಾಗ: "ನೀರು ನೋಡ್ಬೇಕು." ಬಾಗಿಲಿಗೆ ಒರಗಿ ಕೂತು ಅತ್ತು ಅತ್ತು ಮೂಗು ಕೆಂಪಾಯಿತು. ಟೀಚರಕ್ಕ ಕೆಳಗಿಳಿದು ಬಂದರು.

"ಮುಚ್ಚಿದ ಬಾಗಿಲ ಹಿಂದೆ ಏನಿದೆ ಅಂತ ನೋಡೋ ಆಸೆ ಯಾರಿಗಿರಲ್ಲ? ನೀನೇ ಕರೆದುಕೊಂಡು ಹೋಗಿ ತೋರಿಸಿ ಬಾ."

"ಅಕ್ಕ, ನಿಮಗೆ ತಲೆ ಕೆಟ್ಟಿದೆಯಾ?" ಎಂದುಬಿಟ್ಟೆ. ಬಾಯಿಂದ ಬಿದ್ದ ಮಾತು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ತಲೆ ಸರಿಯಾಗಿದೆ. ನಿನ್ನ ಕಾಲು ನಡುಗ್ತಾ ಇದೆ" ಎಂದರು.

ಸಂಜೆ ಹೋದೆ. ಅಳತೆಯ ಟೇಪಿನ ಒಂದು ತುದಿ ಮಗುವಿನ ಸೊಂಟಕ್ಕೆ, ಇನ್ನೊಂದು ನನ್ನ ಮಣಿಕಟ್ಟಿಗೆ. ಯಾರಾದರೂ ನೋಡಿದ್ದರೆ ಮೇಕೆ ಮೇಯಿಸಲು ಹೊರಟಿದ್ದಾನೆ ಎನ್ನುತ್ತಿದ್ದರು. ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ ಆ ಮುರುಕು ಕಂಬದ ಹತ್ತಿರ ಬಂದಾಗ ನನ್ನಿಂದ ಮುಂದೆ ಹೆಜ್ಜೆ ಇಡಲು ಆಗಲಿಲ್ಲ.

"ಇಲ್ಲಿಗೆ ಮುಗೀತು" ಎಂದೆ.

"ಯಾಕೆ?"

"ಈ ಕಂಬ ದಾಟಬೇಕಾದರೆ ಇನ್ನೊಬ್ಬರ ಕೈ ಬೇಕು."

"ನಿನಗೂನಾ?"

"ನನಗೂ."

ಮಗು ಸ್ವಲ್ಪ ಯೋಚಿಸಿ ಕೈ ಚಾಚಿತು. "ತಗೋ."

ಆ ಕೈ ಹಿಡಿದುಕೊಂಡು ಕಂಬದ ಮೇಲೆ ಕೂತೆ. ದಾಟಲಿಲ್ಲ. ಅಲ್ಲಿಂದಲೇ ನೀರು ನೋಡಿದೆವು. ಅಂದರೆ ಅದು ನೋಡಿತು, ನಾನು ಅದರ ಫ್ರಾಕಿನ ಹೊಲಿಗೆ ನೋಡುತ್ತಿದ್ದೆ. ಅಂಗಡಿಯಲ್ಲಿ ಕೊಂಡ ಫ್ರಾಕು, ಹೊಲಿಗೆ ಬಹಳ ಕೆಟ್ಟದಾಗಿದೆ.

ಮಾರ್ಚ್ ೧೬

ಡಿಪೋಗೆ ಮತ್ತೆ ಹೋದೆ. ಸೇತುವೆಯ ಸುದ್ದಿ ಇಲ್ಲ. ಬೇವು ತೋರಿಸಿದ, ಎರಡು ಕಡೆ ಬಿರುಕು. ಟಾರು ಬಳಿದ ನೀಲಗಿರಿ ತೋರಿಸಿದ; ಟಾರಿನ ಕೆಳಗೆ ದಬ್ಬಳ ಸಲೀಸಾಗಿ ಇಳಿಯಿತು. ಬಣ್ಣ ಬಳಿದು ಮದುವೆ ಮಾಡಿಸುವವರ ಬುದ್ಧಿ.

ಸಂಜೆ ಕಂಬದವರೆಗೆ ಹೋಗಿ ಬಂದೆವು. ಹೋಗದಿದ್ದರೆ ರಂಪ ಮಾಡುತ್ತದೆ. ಕಂಬದ ಹತ್ತಿರ ಬಂದ ಕೂಡಲೇ ತಾನೇ ನಿಂತು ಕೈ ಚಾಚುತ್ತದೆ. ನಾನು ಕೈ ಕೊಡುವುದು ತಡವಾದರೆ ಪಾಠ ಒಪ್ಪಿಸುವ ಧಾಟಿಯಲ್ಲಿ, "ಕಂಬ ಬಂತು, ಕೈ ಕೊಡು" ಎನ್ನುತ್ತದೆ.

ಮಾರ್ಚ್ ೨೨

ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ತಂಗಿಯ ಮುಖ ಊದಿಕೊಂಡಿದೆ. ರಕ್ತದೊತ್ತಡ ಏರಿದರೆ ಇಬ್ಬರ ಜೀವಕ್ಕೂ ಕಷ್ಟ ಎಂದು ನರ್ಸು ಹೊರಗೆ ಕರೆದು ಹೇಳಿದರು.

ಎಳೆಗೂಸಿಗೆ ಹೊಲಿದ ಟೋಪಿ ಕೊಟ್ಟೆ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರೆ, ಅಣ್ಣ ಟೈಲರಾದರೆ ಇನ್ನೇನಾಗುತ್ತೆ" ಎಂದು ನಕ್ಕಳು. ನಗು ಮುಗಿಯುವ ಮೊದಲೇ ನನ್ನ ಕೈ ಹಿಡಿದಳು.

"ಅಣ್ಣ, ಹಿತ್ತಿಲ ಬೇಲಿ ಗಟ್ಟಿ ಇದೆ ತಾನೆ?"

"ಕಲ್ಲಿದ್ದ ಹಾಗಿದೆ" ಎಂದೆ.

"ನಾನೂ ಮಾವನೂ ಕಂಬದ ಮೇಲೆ ಕೂತ್ಕೋತೀವಿ" ಎಂದಿತು ಬಟಾಣಿ. ಎಲ್ಲಿ ಬಿಟ್ಟರೂ ಉರುಳಿಕೊಂಡು ಮೂಲೆ ಸೇರುತ್ತಾಳೆಂದು ಮಗುವನ್ನು ಹಾಗೆ ಕರೆಯುತ್ತೇನೆ.

"ಕಂಬದ ಮೇಲಾ?"

"ಅಷ್ಟು ಗಟ್ಟಿ ಇದೆ ಅಂತ" ಎಂದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಬಟಾಣಿಯ ಕೈ ಬಿಡಲಿಲ್ಲ. ರಸ್ತೆ ದಾಟುವಾಗ ಲಾರಿ ಬಂದರೂ ಹೊಂಡವೇ ಕಂಡಂತಾಗುತ್ತಿತ್ತು.

ಮಾರ್ಚ್ ೨೯

ಮುರುಕು ಕಂಬದೊಳಗೆ ಇರುವೆಗಳು ಮನೆ ಮಾಡಿವೆ. ಬಟಾಣಿ ಹೊಟ್ಟೆ ಅಡಿಯಾಗಿ ಮಲಗಿ ಅವನ್ನು ನೋಡುತ್ತಾಳೆ. ಒಂದೊಂದಕ್ಕೂ ಅಂಗಿ ಹೊಲಿದುಕೊಡಬೇಕಂತೆ. ಕಾಲು ಆರು ಇವೆ, ಪ್ಯಾಂಟು ಹೊಲಿಯುವುದು ಕಷ್ಟ ಎಂದೆ. "ಹಾಗಾದ್ರೆ ಮೂರು ಪ್ಯಾಂಟು ಹೊಲಿ" ಎಂದಳು. ಲೆಕ್ಕ ಸರಿಯಾಗಿದೆ.

ನೀರಿನಲ್ಲಿ ಒಂದು ಕಪ್ಪು ಹಕ್ಕಿ ಮುಳುಗಿತು. ಇಲ್ಲಿ ಮುಳುಗಿ ಎಲ್ಲೋ ಏಳುತ್ತದೆ. ಎಲ್ಲಿ ಏಳುತ್ತದೆಂದು ನೋಡುತ್ತಾ ಕತ್ತಲಾದದ್ದೇ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ನೋಡಿದರೆ ಅಳತೆಯ ಟೇಪು ಗೂಟದಲ್ಲೇ ಇತ್ತು. ಕಟ್ಟಿಕೊಳ್ಳದೆ ಹೋಗಿದ್ದೆ! ಇಂಥ ಮೈಮರೆವು ಮತ್ತೆ ಆಗಕೂಡದು. ಬಡಗಿಗೆ ಫೋನ್ ಮಾಡಿ ಗದರಿದೆ. ಸೇತುವೆ ಬಿಚ್ಚುವುದು ತನ್ನ ಕೈಯಲ್ಲಿಲ್ಲ ಎಂದ.

ಏಪ್ರಿಲ್ ೬

ಸಿಕ್ಕಿತು! ಸೇತುವೆಯ ತೊಲೆಗಳು ಡಿಪೋಗೆ ಬಂದಿವೆ. ಎಷ್ಟು ಮಳೆ, ಎಷ್ಟು ಬಿಸಿಲು ಕಂಡ ಮರವೋ. ಮೇಲೆ ಬೂದು ಬಣ್ಣ, ಕೊಯ್ದರೆ ಒಳಗೆ ಕರೀ ಚೇಗು. ಬಲವೆಲ್ಲ ಹಾಕಿ ಚುಚ್ಚಿದೆ. ದಬ್ಬಳ ಬಾಗಿತು. ಅಲ್ಲೇ ನಿಂತು ನಕ್ಕುಬಿಟ್ಟೆ. ಡಿಪೋದವನು, "ಪೇಷೆಂಟ್ ಗಟ್ಟಿ ಇದ್ದಾನೆ ಡಾಕ್ಟ್ರೇ" ಎಂದ.

ಏಪ್ರಿಲ್ ೧೩

ಬೇಲಿ ಎದ್ದು ನಿಂತಿತು. ಬಡಗಿ ಬುಡ ಸುಟ್ಟು, ಗುಂಡಿಗೆ ಜಲ್ಲಿ ತುಂಬಿ, ನೀರು ಜಾರಿಹೋಗಲೆಂದು ತಲೆಯನ್ನು ಓರೆಯಾಗಿ ಕೊಯ್ದು ಕಂಬ ನೆಟ್ಟ. ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿಗಳನ್ನು ಒಂದರ ಮೇಲೊಂದು ಹೊಡೆದ. ನಡುವೆ ಬಟಾಣಿಯ ತಲೆ ತೂರುವಷ್ಟು ಸಂದಿಯೂ ಇಲ್ಲ. ತೂರಿಸಿ ನೋಡಿಯೇ ಹೊಡೆಸಿದ್ದು. ನಾನು ಕಂಬಕ್ಕೆ ಭುಜ ಕೊಟ್ಟು ನೂಕಿದೆ, ಜೋತುಬಿದ್ದೆ. ಅಲ್ಲಾಡಲಿಲ್ಲ.

"ಎಷ್ಟೋ ದೊಡ್ಡಿ ಕಟ್ಟಿದೀನಿ ಅಣ್ಣ. ಇದುವರೆಗೆ ಒಂದು ಕರು ಆಚೆ ಹೋಗಿಲ್ಲ" ಎಂದ ಬಡಗಿ.

ತಂಗಿಗೆ ಫೋನ್ ಮಾಡಿ ಬೇಲಿ ಕಲ್ಲಿದ್ದ ಹಾಗಿದೆ ಎಂದೆ. "ಅವತ್ತೇ ಹೇಳಿದೆಯಲ್ಲ" ಎಂದಳು. ಆದರೂ ಇನ್ನೊಮ್ಮೆ ಹೇಳಿದೆ.

ಏಪ್ರಿಲ್ ೧೫

ಹಿತ್ತಿಲ ಬಾಗಿಲು ಹಾರು ಹೊಡೆದಿಟ್ಟಿದ್ದೇನೆ. ಮೆಷಿನ್ನನ್ನು ಮತ್ತೆ ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡೆ. ಶಾಲೆಯ ಸಮವಸ್ತ್ರಗಳ ರಾಶಿ ಬಾಕಿ ಬಿದ್ದಿದೆ. ಸಂಜೆ ಬಟಾಣಿ, "ಕಂಬಕ್ಕೆ ಹೋಗೋಣ" ಎಂದಳು. ಈಗ ಬೇಲಿ ಇದೆ, ಹೋಗುವ ಅಗತ್ಯವಿಲ್ಲ ಎಂದೆ. ಮುಖ ಊದಿಸಿಕೊಂಡು ಮಲಗಿದಳು.

ಏಪ್ರಿಲ್ ೧೬

ಕೆಲಸ ಚೆನ್ನಾಗಿ ಸಾಗಿತು. ಹೆದರಿಕೆ ಇಲ್ಲ. ಬರೆಯಲು ಏನೂ ಇಲ್ಲ.

ಏಪ್ರಿಲ್ ೧೭

ಕೈ ಮತ್ತೆ ನಡುಗುತ್ತಿದೆ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಕಾಲರ್ ಹೊಲಿಯುತ್ತಿದ್ದೆ. ಬಟಾಣಿ ಹಿತ್ತಿಲಲ್ಲಿ ಹಾಡಿಕೊಳ್ಳುತ್ತಿದ್ದಳು. ಮೆಷಿನ್ ನಿಲ್ಲಿಸಿದಾಗ ಹಾಡೂ ನಿಂತಿತ್ತು. ಗಾಬರಿಯಾಗಲಿಲ್ಲ. ಬೇಲಿ ಇದೆಯಲ್ಲ. ದಾರ ಕಡಿದು, ಇನ್ನೊಂದು ಕಾಲರ್ ತೆಗೆದುಕೊಂಡು ಅದನ್ನೂ ಮುಗಿಸಿ ಎದ್ದೆ.

ಬೇಲಿಯ ಬುಡದಲ್ಲಿ ಅವಳ ಚಪ್ಪಲಿಗಳು ಜೋಡಿಯಾಗಿ ಇದ್ದವು. ಅದರ ಮೇಲೆ ಅಡ್ಡಪಟ್ಟಿ, ಅದರ ಮೇಲೊಂದು, ಅದರ ಮೇಲೊಂದು. ಕೆಳಗಿನ ಪಟ್ಟಿಯ ಮೇಲೆ ಒದ್ದೆಮಣ್ಣಿನ ಪುಟ್ಟ ಹೆಜ್ಜೆ. ಅದರ ಮೇಲಿನದರಲ್ಲೂ ಹೆಜ್ಜೆ.

ಕರು ಏಣಿ ಹತ್ತುವುದಿಲ್ಲ. ಮಗು ಹತ್ತುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಕೇಳಿದ್ದೆ, ಬೇಲಿಯೇ ಏಣಿಯಾದದ್ದನ್ನು ನನ್ನ ಹಿತ್ತಿಲಲ್ಲೇ ನೋಡಿದೆ. ಗಿಡ್ಡಗಿರುವವರಿಗೆ ಅಡ್ಡಗೆರೆಯ ಬಟ್ಟೆ ಬೇಡ, ಉದ್ದಗೆರೆ ತನ್ನಿ ಎಂದು ಬಂದವರಿಗೆಲ್ಲ ಹೇಳುವವನು ನಾನು. ಮರದ ಒಳಗನ್ನೆಲ್ಲ ಚುಚ್ಚಿ ನೋಡಿದವನು ಪಟ್ಟಿ ಅಡ್ಡಲಾಗಿದೆಯೋ ಉದ್ದವಾಗಿದೆಯೋ ಎಂದು ನೋಡಲಿಲ್ಲ.

ಇದೆಲ್ಲ ಈಗ ತೋಚುತ್ತಿರುವುದು. ಆಗ ಏನೂ ತೋಚಲಿಲ್ಲ. ಹೆಸರು ಹಿಡಿದು ಕೂಗಲೂ ಇಲ್ಲ. ಹತ್ತಿದೆ, ಪ್ಯಾಂಟು ಮೊಳೆಗೆ ಸಿಕ್ಕಿ ಹರಿಯಿತು, ಆಚೆ ಬಿದ್ದೆ, ಎದ್ದು ಇಳಿಜಾರಿನಲ್ಲಿ ಓಡಿದೆ. ಬಂಡೆಗಳು ಬಂದವು, ಹೋದವು. ಅಂಚು ಬಂತು. ನಾನು ಎಂದೂ ಹತ್ತಿರ ಸುಳಿಯದ ಆ ನೀರು ಪಾದದ ಕೆಳಗೇ ಇತ್ತು. ನೀರು ಸುಮ್ಮನಿತ್ತು. ಒಂದು ಗುಳ್ಳೆಯೂ ಇಲ್ಲ. ನೀರೊಳಗಿನ ಕಲ್ಲಿನ ಮೆಟ್ಟಿಲಿಗೆ ಒಂದು ಕಾಲು ಇಳಿಸಿದೆ, ಮೊಣಕಾಲವರೆಗೆ ತಣ್ಣಗಾಯಿತು. ಈಜು ಬರುವುದಿಲ್ಲ ಎಂಬುದು ನೆನಪಿತ್ತು. ಇನ್ನೊಂದು ಕಾಲನ್ನೂ ಎತ್ತಿದೆ.

"ಮಾವಾ!"

ಹಿಂದಿನಿಂದ ಬಂತು ಕೂಗು. ಸಿಟ್ಟಿನ ಕೂಗು.

ತಿರುಗಿ ನೋಡಿದೆ. ಬಂಡೆಗಳ ನಡುವೆ, ಮುರುಕು ಕಂಬದ ಈಚೆಗೆ ಹೊಟ್ಟೆ ಅಡಿಯಾಗಿ ಮಲಗಿದ್ದವಳು ಎದ್ದು ಕೂತಿದ್ದಳು. ಅಂಗೈ ಮೇಲೆ ಇರುವೆ ಹರಿಯುತ್ತಿತ್ತು. ನಾನು ಅವಳ ಪಕ್ಕದಿಂದಲೇ ಓಡಿಹೋಗಿದ್ದೆ.

"ಕಂಬ ದಾಟಿಬಿಟ್ಟೆ! ಕೈ ಕೊಡದೇ ದಾಟಿಬಿಟ್ಟೆ! ನಾನು ಆಗಿಂದ ಇಲ್ಲೇ ನಿನಗೋಸ್ಕರ ಕಾಯ್ತಾ ಇದೀನಿ!"

ನೀರಿನಿಂದ ಕಾಲು ತೆಗೆದೆ. ಅಂಬೆಗಾಲಿಟ್ಟುಕೊಂಡೇ ಮೇಲೆ ಬಂದೆ. ಅವಳು ಕಂಬದ ಮೇಲೆ ನಿಂತು, ದಾಟದೆ, ಎಷ್ಟು ಸಾಧ್ಯವೋ ಅಷ್ಟು ಬಗ್ಗಿ ಕೈ ಚಾಚಿದಳು. ಹಿಡಿದುಕೊಂಡೆ. ಹಿಡಿದುಕೊಂಡು ಅತ್ತೆ. ದೊಡ್ಡ ಗಂಡಸು, ಬಾಯಿ ಬಿಟ್ಟು ಅತ್ತೆ.

"ಅಳ್ಬೇಡ. ಇನ್ನೊಂದ್ಸಲ ಹಾಗೆ ಮಾಡ್ಬೇಡ" ಎಂದಳು ಬಟಾಣಿ.

ಏಪ್ರಿಲ್ ೧೮

ಬಡಗಿ ಬಂದು ತಲೆ ಕೆರೆದುಕೊಂಡ. ಅಡ್ಡಪಟ್ಟಿಗಳ ಮೇಲೆ ಒಳಗಡೆಯಿಂದ ಉದ್ದುದ್ದ ಹಲಗೆ ಹೊಡೆದು ಮುಚ್ಚಿದ. ಈಗ ಕಾಲಿಡಲು ಜಾಗವಿಲ್ಲ. ಬಟಾಣಿಯೇ ಹತ್ತಲು ನೋಡಿ, ಜಾರಿ, ಅವನನ್ನು ಬೈದಳು. ಒಂದು ಸಣ್ಣ ಗೇಟು ಇಡಲು ಹೇಳಿದೆ, ಚಿಲಕ ನನ್ನ ಕುತ್ತಿಗೆಯ ಎತ್ತರಕ್ಕೆ, ಹೊರಗಡೆಗೆ, ಮೇಲಿನಿಂದ ಕೈ ಹಾಕಿ ತೆಗೆಯುವಂತೆ.

"ಗೇಟು ಯಾಕಣ್ಣ? ಬೇಲಿ ಹಾಕಿಸಿದ್ದೇ ಆಚೆ ಹೋಗಬಾರದು ಅಂತಲ್ವಾ?"

"ಸಂಜೆ ಹೋಗೋದಿರುತ್ತೆ" ಎಂದೆ.

ಹೊರಡುವಾಗ ಅವನು ಇಳಿಜಾರಿನ ಕಡೆ ನೋಡಿ, ಆ ಮುರುಕು ಕಂಬವನ್ನೂ ಕಿತ್ತು ಎಸೆಯುತ್ತೇನೆ, ಇರುವೆ ಗೆದ್ದಲು ಹೊಸ ಕಂಬಕ್ಕೆ ಹತ್ತೀತು ಎಂದ. ಅದರಲ್ಲಿ ಚೇಗೇ ಇಲ್ಲ, ಒಲೆಗೂ ಆಗುವುದಿಲ್ಲವಂತೆ. ಯಾರೂ ಅದನ್ನು ಮುಟ್ಟಕೂಡದು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ತಂಗಿ ಫೋನಿನಲ್ಲಿ ಬೇಲಿ ಹೇಗಿದೆ ಎಂದು ಕೇಳಿದಳು. ನಿನ್ನೆಯದನ್ನು ಈಗ ಹೇಳಲಾರೆ. ಹೆರಿಗೆಯಾಗಿ ಅವಳು ಎದ್ದು ಕೂತ ದಿನ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ. ಹೆದರಿಕೆಯೇನೂ ಹೋಗಿಲ್ಲ, ಬರೆಯುವಾಗಲೂ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದೇನೆ.

ಸಂಜೆ ಹೋಗಿ ಬಂದೆವು. ಕಂಬದ ಹತ್ತಿರ ಈ ಸಲ ನಾನೇ ಮೊದಲು ಕೈ ಚಾಚಿದೆ.